ಸೌರಜ್ವಾಲೆಯ ಬುಡದಲ್ಲಿ

ಸೌರಜ್ವಾಲೆ ಹೊತ್ತಿಕೊಳ್ಳುವುದು ಸೂರ್ಯನ ವಾತಾವರಣದ ಮೇಲಿನ ಪದರವಾದ ಕರೋನದಲ್ಲಿ. ಅದರ ಪೆಟ್ಟು ಬೀಳುವುದು ಕೆಳಗಿನ ಎರಡು ಪದರಗಳ ಮೇಲೆ. ಕಣ್ಣಿಗೆ ಕಾಣುವ ಬೆಳಕು ಹೊರಡುವ ದ್ಯುತಿಗೋಳದ ದಪ್ಪ ಸುಮಾರು 500 ಕಿ.ಮೀ.; ಅದರ ಮೇಲಿನ ವರ್ಣಗೋಳದ್ದು ಸುಮಾರು 2,000 ಕಿ.ಮೀ. ಸೂರ್ಯನ ತ್ರಿಜ್ಯವೇ ಸುಮಾರು 7 ಲಕ್ಷ ಕಿ.ಮೀ. ಇರುವಾಗ ಇದು ಏನೇನೂ ಅಲ್ಲ. ಸೂರ್ಯನನ್ನು ತಿಪಟೂರಿನ ಒಂದು ಉಂಡೆ ಕೊಬ್ಬರಿಯಷ್ಟಕ್ಕೆ ಕುಗ್ಗಿಸಿದರೆ, ಎರಡೂ ಪದರ ಸೇರಿದರೂ ಕೊಬ್ಬರಿಯ ಕಂದು ಸಿಪ್ಪೆಯಷ್ಟು ದಪ್ಪ ಬರಲಾರದು.

ಸೂರ್ಯಕಲೆಗಳ ಮೇಲೆ ಕಾಂತರೇಖೆಗಳು ಕಮಾನಿನಂತೆ ಎದ್ದು ನಿಂತಿರುತ್ತವೆ. ಕೆಳಗಿನ ಪ್ಲಾಸ್ಮಾ ಕದಲಿದಂತೆಲ್ಲ ಅವು ತಿರುಚಿಕೊಂಡು ಶಕ್ತಿಯನ್ನು ಕೂಡಿಡುತ್ತವೆ. ಒಂದು ಹಂತದಲ್ಲಿ ಕಡಿದು ಬೇರೆ ಬಗೆಯಲ್ಲಿ ಕೂಡಿಕೊಂಡಾಗ ಆ ಶಕ್ತಿ ನಿಮಿಷಗಳಲ್ಲಿ ಬಿಡುಗಡೆಯಾಗುತ್ತದೆ. ವೇಗ ಪಡೆದ ಎಲೆಕ್ಟ್ರಾನುಗಳು ಕಮಾನಿನ ಕಾಲುಗಳ ಗುಂಟ ಇಳಿದು, ದಟ್ಟವಾದ ವರ್ಣಗೋಳಕ್ಕೆ ಬಡಿದು, ಎಕ್ಸ್-ಕಿರಣ ಹೊಮ್ಮಿಸುತ್ತವೆ. ಕಾದ ಅನಿಲ ಉಬ್ಬಿ ಮೇಲಕ್ಕೇರಿ ಕರೋನದ ಕಮಾನುಗಳನ್ನು ತುಂಬುತ್ತದೆ. ಅಲ್ಲಿ ಉಷ್ಣತೆ ಕೋಟಿ ಡಿಗ್ರಿ ದಾಟುತ್ತದೆ.

ಇಷ್ಟರವರೆಗೆ ಲೆಕ್ಕ ಸರಿಹೋಗುತ್ತದೆ. ತೊಡಕಿರುವುದು ಇನ್ನೂ ಕೆಳಗೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಮೊತ್ತಮೊದಲು ನೋಡಿದ ಸೌರಜ್ವಾಲೆ ಬರಿಯ ಬಿಳಿ ಬೆಳಕಿನಲ್ಲೇ ಕಂಡಿತ್ತು. ಎಂದರೆ ದ್ಯುತಿಗೋಳದ ಆಸುಪಾಸೂ ಬೆಳಗಿತ್ತು. ಆದರೆ ಮೇಲಿನಿಂದ ಇಳಿಯುವ ಎಲೆಕ್ಟ್ರಾನುಗಳಲ್ಲಿ ಬಹುಪಾಲು ವರ್ಣಗೋಳದಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ. ಹಾಗಿದ್ದರೆ ತಳಕ್ಕೆ ಶಾಖ ಮುಟ್ಟಿಸಿದ್ದು ಯಾವುದು? ಕಾದ ವರ್ಣಗೋಳ ಕೆಳಮುಖವಾಗಿ ಸೂಸುವ ವಿಕಿರಣವೇ ಎಂಬುದು ಒಂದು ಉತ್ತರ. ಅದನ್ನು ಒರೆಗೆ ಹಚ್ಚಲು ಒಂದೇ ಜ್ವಾಲೆಯನ್ನು ಅತಿನೇರಳೆಯಲ್ಲೂ ಎಕ್ಸ್-ಕಿರಣದಲ್ಲೂ ಒಟ್ಟಿಗೆ ನೋಡಬೇಕು. ಒಂದು ದೂರದರ್ಶಕದಿಂದ, ಒಂದು ಸಂಸ್ಥೆಯಿಂದ ಆಗುವ ಕೆಲಸವಲ್ಲ ಇದು.

2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಸೂರ್ಯನ ದಿಕ್ಕಿಗಿರುವ ಎಲ್1 ಬಿಂದುವಿನ ಸುತ್ತಲಿನ ಕಕ್ಷೆ ಸೇರಿದ ಭಾರತದ ಸೌರ ವೀಕ್ಷಣಾ ನೌಕೆ ಆದಿತ್ಯ-ಎಲ್1 ಈ ಅನುಕೂಲ ಒದಗಿಸಿದೆ. ಅದರ ಅತಿನೇರಳೆ ದೂರದರ್ಶಕ ‘ಸೂಟ್’ 200ರಿಂದ 400 ನ್ಯಾನೋಮೀಟರ್ ತರಂಗಾಂತರದ ನಡುವೆ 11 ಶೋಧಕಗಳ ಮೂಲಕ ಸೂರ್ಯನ ಪೂರ್ಣಬಿಂಬವನ್ನು ಚಿತ್ರಿಸುತ್ತದೆ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಮುಂದಾಳತ್ವದಲ್ಲಿ ಇಸ್ರೋ ಜೊತೆಗೂಡಿ ಕಟ್ಟಿದ ಈ ಉಪಕರಣದ ಹಿಂದೆ ಮಣಿಪಾಲದ ಮಾಹೆ ವಿಶ್ವವಿದ್ಯಾಲಯ, ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆ ಮೊದಲಾದವುಗಳ ಕೈಯೂ ಇದೆ. ಎಕ್ಸ್-ಕಿರಣ ಅಳೆಯುವ ‘ಸೋಲೆಕ್ಸ್’ ಮತ್ತು ‘ಹೀಲಿಯೋಸ್’ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು.

2024ರ ಫೆಬ್ರವರಿ 22ರಂದು 13590 ಸಂಖ್ಯೆಯ ಕಲೆಗುಂಪು, ಒಂದೇ ದಿನದ ಅಂತರದಲ್ಲಿ ತನ್ನ ಮೂರನೆಯ ದೊಡ್ಡ ಜ್ವಾಲೆಯನ್ನು ಹೊಮ್ಮಿಸಿತು. ಪ್ರಮಾಣ ಎಕ್ಸ್ 6.3. ಜ್ವಾಲೆಗಳನ್ನು ಎ, ಬಿ, ಸಿ, ಎಂ, ಎಕ್ಸ್ ಎಂದು ಹತ್ತು ಹತ್ತು ಪಟ್ಟಿನ ಏರಿಕೆಯಲ್ಲಿ ವಿಂಗಡಿಸುತ್ತಾರೆ, ಎಕ್ಸ್ ಕೊನೆಯದು. 22ರ ಆ ಜ್ವಾಲೆ ತುತ್ತತುದಿ ಮುಟ್ಟಿದಾಗ ಭಾರತದಲ್ಲಿ 23ರ ಬೆಳಗಿನ ಜಾವ ನಾಲ್ಕು ಗಂಟೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಇನ್ನೂ ಕತ್ತಲು. ಕೊಡೈಕನಾಲ್, ಉದಯಪುರದ ಸೌರ ವೀಕ್ಷಣಾಲಯಗಳಿಗೂ ಸೂರ್ಯನಿಲ್ಲ. ಹಗಲಾಗಿದ್ದರೂ 300 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು ಓಜೋನ್ ಪದರ ಹೀರಿಬಿಡುತ್ತಿತ್ತು. ರಾತ್ರಿಯೇ ಇಲ್ಲದ ಎಲ್1ನಿಂದ ಸೂಟ್ ಅದನ್ನು ಸೆರೆಹಿಡಿಯಿತು.

ಆ ಚಿತ್ರಗಳಲ್ಲಿ ಜ್ವಾಲೆಯ ಬುಡದ ಪ್ರಖರ ತಿರುಳು ದ್ಯುತಿಗೋಳ, ವರ್ಣಗೋಳ ಎರಡರಲ್ಲೂ ಕಾಣಿಸಿತು. ಸಮೀಪ ಅತಿನೇರಳೆಯ ಇಷ್ಟೊಂದು ಪಟ್ಟಿಗಳಲ್ಲಿ, ಇಷ್ಟು ವಿವರವಾಗಿ ದೊಡ್ಡ ಜ್ವಾಲೆಯೊಂದನ್ನು ಹಿಂದೆ ನೋಡಿರಲಿಲ್ಲ. ಕೆಳಪದರದ ಬೆಳಕು ಏರಿದ್ದಕ್ಕೂ ಮೇಲೆ ಕರೋನದ ಪ್ಲಾಸ್ಮಾ ಕಾದದ್ದಕ್ಕೂ ನೇರ ಹೊಂದಾಣಿಕೆ ಇತ್ತು. ಮೇಲಿನ ಸ್ಫೋಟ, ಕೆಳಗಿನ ಪೆಟ್ಟು ಒಂದೇ ಸರಪಳಿಯ ಕೊಂಡಿಗಳೆಂಬ ಸಿದ್ಧಾಂತಕ್ಕೆ ಇದರಿಂದ ಬಲ ಬಂದಿತು. 2025ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಿಳಿ ಬೆಳಕಿನ ಒಗಟು ಮಾತ್ರ ಒಂದು ಜ್ವಾಲೆಯಿಂದ ಬಿಡಿಸುವಂಥದ್ದಲ್ಲ. ಹಲವನ್ನು ಹೋಲಿಸಿ ನೋಡಬೇಕು.

ಜ್ವಾಲೆಯಿಂದ ತೆಂಗಿಗಾಗಲಿ ಕೊಬ್ಬರಿಗಾಗಲಿ ಬಾಧೆಯಿಲ್ಲ. ಅದರ ಎಕ್ಸ್-ಕಿರಣ ಭೂಮಿಯ ಹಗಲಿನ ಭಾಗದಲ್ಲಿ ಅಯಾನುಗೋಳವನ್ನು ಕದಡುತ್ತದೆ. ಆಗ ಹಡಗು, ವಿಮಾನಗಳ ಹ್ರಸ್ವತರಂಗ ರೇಡಿಯೋ ಕೆಲ ಹೊತ್ತು ಮಂಕಾಗುತ್ತದೆ. ಹಲವು ಜ್ವಾಲೆಗಳನ್ನು ಹೋಲಿಸಲು ಬೇಕಾದ ಆದಿತ್ಯದ ಮಾಹಿತಿ ಬೆಂಗಳೂರು ಬಳಿಯ ಬ್ಯಾಲಾಳು ಕೇಂದ್ರದಲ್ಲಿ ಸಂಗ್ರಹವಾಗುತ್ತದೆ. 2025ರ ಜನವರಿಯಿಂದ ಅದು ಎಲ್ಲ ಸಂಶೋಧಕರಿಗೂ ಮುಕ್ತವಾಗಿದೆ.