‘ಓಹಲಾ’: ಆಸೆ ಎಷ್ಟಿದೆ ಅಂತ ಹೇಳಿಬಿಡೋ ಸ್ಪ್ಯಾನಿಷ್ ಪದ

ಈ ವಾರದ ಪದ ಕಳಿಸಿದ್ದು ಒಬ್ಬ ಕೇಳುಗರು. ಬೆಂಗಳೂರಲ್ಲಿ ನೈಟ್ ಶಿಫ್ಟ್, ಸ್ಪ್ಯಾನಿಷ್ ಪ್ರೋಸೆಸ್, ಮೆಕ್ಸಿಕೋದ ಗ್ರಾಹಕರು. ‘ಶುಕ್ರವಾರದೊಳಗೆ ನಿಮ್ಮ ದುಡ್ಡು ವಾಪಸ್ ಬರುತ್ತೆ ಸರ್’ ಅಂತ ಇವರು ಹೇಳಿದ್ದಕ್ಕೆ ಆ ಕಡೆಯಿಂದ ‘ಓಹಲಾ’ ಅಂತ ಒಂದೇ ಮಾತು ಬಂತಂತೆ. ಆ್ಯಪ್‌ನಲ್ಲಿ ಹುಡುಕಿದ್ರೆ ಅರ್ಥ ‘ಹೋಪ್‌ಫುಲಿ’. ‘ಆ ಮನುಷ್ಯ ನಂಬಿದ್ನಾ, ಚುಚ್ಚಿದ್ನಾ?’ ಅನ್ನೋದು ಅವರ ಪ್ರಶ್ನೆ. ಕಾಲ್ ಮುಗಿದ ಮೇಲೆ ರೇಟಿಂಗ್ ಕೊಡೋದು ಅದೇ ಗ್ರಾಹಕ ಅಲ್ವಾ, ತಲೆಬಿಸಿ ಆಗೋದು ಸಹಜ.

ನನ್ನ ಪ್ರಕಾರ ‘ಹೋಪ್‌ಫುಲಿ’ ಅನ್ನೋ ಅರ್ಥವೇ ದಾರಿ ತಪ್ಪಿಸುತ್ತೆ. ಅದನ್ನ ನಾವು ಬಹುತೇಕ ‘ಆಗಬಹುದು’ ಅನ್ನೋ ಜಾಗದಲ್ಲಿ ಬಳಸ್ತೀವಿ. ಓಹಲಾ ಅಂದಾಜಲ್ಲ, ಹಾರೈಕೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಜೋಡಿ ಇರೋದು ಪದದಲ್ಲಿ ಅಲ್ಲ, ಪ್ರತ್ಯಯದಲ್ಲಿ: ಬರಲಿ, ಆಗಲಿ, ಸಿಗಲಿ ಅಂತೀವಲ್ಲ, ಆ ‘ಲಿ’. ‘ಮಳೆ ಬರಬಹುದು’ ಅನ್ನೋದು ಹವಾಮಾನ ವರದಿ. ‘ಮಳೆ ಬರಲಿ’ ಅನ್ನೋದು ರೈತನ ಮಾತು. ಓಹಲಾ ಎರಡನೇದು.

ಓಹಲಾ ಆದ್ಮೇಲೆ ‘ಬರುತ್ತೆ’, ‘ಆಗುತ್ತೆ’ ಅನ್ನೋ ಥರದ ಸಾದಾ ಕ್ರಿಯಾಪದ ಬರೋ ಹಾಗಿಲ್ಲ. ಸ್ಪ್ಯಾನಿಷ್‌ನಲ್ಲಿ ಆಸೆ, ಅನುಮಾನಗಳಿಗೆ ಅಂತಲೇ ಬೇರೆ ಕ್ರಿಯಾರೂಪ ಇದೆ, ಸಬ್ಜಂಕ್ಟಿವ್ ಅಂತಾರೆ. ಅದರಲ್ಲಿ ಯಾವ ರೂಪ ಆರಿಸ್ತೀರಿ ಅನ್ನೋದರ ಮೇಲೆ ನಿಮ್ಮ ಆಸೆ ಎಷ್ಟು ಗಟ್ಟಿ ಅನ್ನೋದು ಗೊತ್ತಾಗುತ್ತೆ. ‘ಓಹಲಾ ಯುವೇವಾ’ ಅಂದ್ರೆ ಮಳೆ ಬರಲಿ. ಮೋಡ ಇದೆ, ಬಂದ್ರೂ ಬರಬಹುದು. ‘ಓಹಲಾ ಯೊವಿಯೇರಾ’ ಅಂದ್ರೆ ಮಳೆ ಬಂದಿದ್ರೆ ಅಲ್ಲ, ‘ಬಂದ್ರೆ ಎಷ್ಟು ಚೆನ್ನಾಗಿರುತ್ತೆ’. ಆದ್ರೆ ಬರೋ ಲಕ್ಷಣ ಕಾಣ್ತಿಲ್ಲ. ‘ಓಹಲಾ ಉಬಿಯೇರಾ ಯೊವಿದೊ’ ಅಂದ್ರೆ ‘ಆಗ ಮಳೆ ಬಂದಿದ್ರೆ!’, ಬೆಳೆ ಒಣಗಿ ಹೋದ ಮೇಲಿನ ಮಾತು. ಮಳೆ ಅದೇ, ಓಹಲಾ ಅದೇ. ಕ್ರಿಯಾಪದದ ಬಾಲ ಬದಲಾದಾಗ ನಂಬಿಕೆ ನಿರಾಸೆ ಆಗುತ್ತೆ, ನಿರಾಸೆ ಪಶ್ಚಾತ್ತಾಪ ಆಗುತ್ತೆ.

ಈಗ ಆ ಕಾಲ್‌ಗೆ ಬರೋಣ. ಗ್ರಾಹಕ ಬರೀ ‘ಓಹಲಾ’ ಅಂದಾಗ ಹಿಂದೆ ಕ್ರಿಯಾಪದ ಇಲ್ಲ, ಹಾಗಾಗಿ ಧ್ವನಿಯೇ ಆಧಾರ. ಸಾಮಾನ್ಯವಾಗಿ ಅದು ‘ನಿಮ್ಮ ಬಾಯಿಗೆ ಸಕ್ಕರೆ ಹಾಕ’ ಅನ್ನೋ ಥರದ ಮಾತು. ಬೈಗುಳ ಅಲ್ಲ. ಹಾಗಂತ ‘ನಂಬಿದೆ’ ಅಂತಲೂ ಅಲ್ಲ. ಅದೇ ಅವರು ‘ಓಹಲಾ ಫುವೆರಾ ಅಸೀ’ ಅಂದಿದ್ರೆ ಮಾತು ಬೇರೆ: ‘ಹಾಗಿದ್ರೆ ಚೆನ್ನಾಗಿತ್ತು ಬಿಡಿ.’ ಅಲ್ಲಿ ನಿಮ್ಮ ಶುಕ್ರವಾರದ ಮೇಲೆ ಅವರಿಗೆ ಭರವಸೆ ಇಲ್ಲ. ಆಗ ಇನ್ನೊಂದು ಸಲ ‘ಖಂಡಿತ ಸರ್’ ಅನ್ನೋದಕ್ಕಿಂತ ದೂರಿನ ನಂಬರ್ ಬರೆಸಿಕೊಡೋದು ಒಳ್ಳೇದು.

ಪದದ ಹಿಂದಿನ ಕಥೆಯೂ ಚೆನ್ನಾಗಿದೆ. 711ರಲ್ಲಿ ಮುಸ್ಲಿಂ ಸೇನೆ ಸ್ಪೇನ್‌ಗೆ ಕಾಲಿಟ್ಟಿತು. ಅವರ ಕೊನೆಯ ರಾಜ್ಯ ಗ್ರನಾಡಾ ಬಿದ್ದದ್ದು 1492ರಲ್ಲಿ. ಆ ಸುಮಾರು 800 ವರ್ಷಗಳಲ್ಲಿ ಸ್ಪ್ಯಾನಿಷ್‌ಗೆ ರಾಶಿ ಅರಬ್ಬಿ ಪದಗಳು ಬಂದವು. ಸಕ್ಕರೆಗೆ ಸ್ಪ್ಯಾನಿಷ್‌ನಲ್ಲಿ ‘ಅಸೂಕರ್’ ಅಂತಾರೆ. ಅದು ಅರಬ್ಬಿಯ ‘ಸುಕ್ಕರ್’. ಅದರ ಬೇರು ಹುಡುಕ್ತಾ ಹೋದ್ರೆ ಸಂಸ್ಕೃತದ ಶರ್ಕರಾ, ಅಂದ್ರೆ ನಮ್ಮ ಸಕ್ಕರೆಯ ನೆಂಟನೇ.

ಓಹಲಾ ಕೂಡ ಅರಬ್ಬಿಯದೇ. ಇನ್‌ಶಾ ಅಲ್ಲಾಹ್ ಇಂದ ಬಂತು ಅಂತ ಸುಮಾರು ಜನ ಹೇಳ್ತಾರೆ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಕೊಡೋ ಮೂಲ ಬೇರೆ: ‘ಲೌ ಶಾ ಲ್ಲಾಹ್’, ದೇವರು ಮನಸ್ಸು ಮಾಡಿದರೆ. ‘ಇನ್’, ‘ಲೌ’ ಎರಡಕ್ಕೂ ‘ಆದರೆ-ಹೋದರೆ’ಯ ‘ರೆ’ ಅರ್ಥವೇ. ಆದ್ರೆ ಅರಬ್ಬಿ ವ್ಯಾಕರಣದಲ್ಲಿ ‘ಇನ್’ ಆಗಬಹುದಾದ್ದಕ್ಕೆ, ‘ಲೌ’ ಹೆಚ್ಚಾಗಿ ಆಗದೇ ಇರೋದಕ್ಕೆ. ಅನುಮಾನ ಹುಟ್ಟಿನಿಂದಲೇ ಈ ಪದದ ಜೊತೆಗಿದೆ ಅನ್ನಿ.

ಇವತ್ತು ಚರ್ಚಿಗೆ ಹೋಗುವವರೂ ಓಹಲಾ ಅಂತಾರೆ, ದೇವರನ್ನೇ ನಂಬದವರೂ ಅಂತಾರೆ. ಒಳಗೆ ಅಲ್ಲಾಹ್ ಇದ್ದಾನೆ ಅನ್ನೋದು ಮಾತಾಡೋರ ತಲೆಗೆ ಬರೋದೇ ಇಲ್ಲ.

ಉಚ್ಚಾರಣೆ ಬಗ್ಗೆ ಒಂದು ಮಾತು. ಸ್ಪೆಲ್ಲಿಂಗ್‌ನಲ್ಲಿ ‘ಜೆ’ ಇರೋದರಿಂದ ಹೊಸಬರು ‘ಒಜಲ’ ಅಂತಾರೆ. ಆ ಜೆ ಇಲ್ಲಿ ‘ಹ’. ಸ್ಪೇನ್‌ನಲ್ಲಾದ್ರೆ ಗಂಟಲು ಕೆರೆದ ಹಾಗೆ ಇನ್ನೂ ಗಡುಸು. ಹಿಂದೆ ಅಲ್ಲಿ ‘ಶ’ ಇತ್ತು, ಪೋರ್ಚುಗೀಸರು ಈಗಲೂ ‘ಓಶಲಾ’ ಅಂತಾನೇ ಅಂತಾರೆ. ಒತ್ತು ಕೊನೆಯ ‘ಲಾ’ ಮೇಲೆ. ಅದಾದ್ಮೇಲೆ ‘ಕೆ’ ಸೇರಿಸಿ ‘ಓಹಲಾ ಕೆ ಸೀ’ ಅಂದ್ರೂ ಸರಿ, ‘ಹಾಗೇ ಆಗ್ಲಿ’ ಅಂತ ಅರ್ಥ. ಮುಂದಿನ ಸಲ ಯಾರಾದ್ರೂ ನಿಮಗೆ ಪ್ರಮೋಷನ್ ಆಗುತ್ತೆ ಅಂದಾಗ ಹೇಳಿ ನೋಡಿ.