ಡಿ ಡ್ರೈವ್ ಬೇರೆ ಊರಲ್ಲ

ಊರು ಬಿಟ್ಟು ದುಡಿಯುವ ನಮ್ಮಂಥವರ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಮನೆಯೇ ತುಂಬಿರುತ್ತದೆ. ಮಗುವಿನ ಮೊದಲ ಹುಟ್ಟುಹಬ್ಬದ ವಿಡಿಯೊ, ಜಮೀನಿನ ಪಹಣಿಯ ಸ್ಕ್ಯಾನ್, ಈಗಿಲ್ಲದ ಅಜ್ಜಿ ಹಾಡಿದ ಸೋಬಾನೆ ಪದ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವವರು ಮೊದಲು ಕೇಳುವುದು 'ಡೇಟಾ ಪೋದು ಕದಾ?' (ಡೇಟಾ ಹೋಗಲ್ಲ ತಾನೇ?) ಎಂದೇ. ಖರ್ಚಿನ ಮಾತು ಆಮೇಲೆ.

ಬ್ಯಾಕಪ್ ಇದೆಯಾ ಎಂದರೆ ಅನೇಕರು 'ಡಿ ಡ್ರೈವ್‌ನಲ್ಲಿದೆ' ಎನ್ನುತ್ತಾರೆ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಎರಡು ಡಿಸ್ಕ್‌ಗಳಲ್ಲ, ಒಂದೇ ಡಿಸ್ಕನ್ನು ಎರಡು ಪಾಲು ಮಾಡಿದ್ದು ಅಷ್ಟೇ. ವಿಂಡೋಸ್ ಕೆಟ್ಟರೆ ಡಿ ಉಳಿಯಬಹುದು. ಡಿಸ್ಕೇ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ.

ಹಾಗಾಗಿ ಹೊರಗಿನ ಹಾರ್ಡ್ ಡಿಸ್ಕ್ ಬೇಕು. ಕಂಟ್ರೋಲ್ ಪ್ಯಾನೆಲ್‌ನ 'ಫೈಲ್ ಹಿಸ್ಟರಿ'ಯಲ್ಲಿ ಆ ಡಿಸ್ಕನ್ನು ಆರಿಸಿದರೆ, ಅದು ಜೋಡಿಸಿರುವಷ್ಟು ಹೊತ್ತು ಗಂಟೆಗೊಮ್ಮೆ ಬದಲಾದ ಫೈಲುಗಳ ಪ್ರತಿ ಅಲ್ಲಿಗೆ ಹೋಗುತ್ತದೆ. ಒಂದು ಎಚ್ಚರ: ಅದು ತಾನಾಗಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಜಾಗಗಳನ್ನು ಮಾತ್ರ. ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರನ್ನು ಲೈಬ್ರರಿಗೆ ಸೇರಿಸಬೇಕು. ಕೆಲಸ ಮುಗಿದ ಮೇಲೆ ಡಿಸ್ಕನ್ನು ಬಿಚ್ಚಿಡಿ. 2017ರ ಮೇನಲ್ಲಿ ವಾನಾಕ್ರೈ ದಾಳಿ ಆಂಧ್ರ ಪೊಲೀಸರ ಕಂಪ್ಯೂಟರುಗಳನ್ನೂ ಬಿಡಲಿಲ್ಲ. ಅಂಥ ವೈರಸ್ ಜೋಡಿಸಿಟ್ಟ ಡಿಸ್ಕಿನ ಫೈಲುಗಳಿಗೂ ಬೀಗ ಹಾಕುತ್ತದೆ.

ಆ ಡಿಸ್ಕ್ ಎಲ್ಲಿರಬೇಕು? ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಟ್ಟರೆ ಕಳ್ಳನಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ಮನೆಯಲ್ಲಿಟ್ಟರೆ? 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ, ನಮ್ಮಿಂದ ಕೆಲವೇ ಕಿಲೋಮೀಟರ್ ದೂರದ ಸಿಂಗ್ ನಗರದ ಮನೆಗಳಿಗೆ ನೀರು ನುಗ್ಗಿತು. ಪ್ರಕಾಶಂ ಬ್ಯಾರೇಜ್‌ನಲ್ಲಿ ಕೃಷ್ಣೆಯ ಹರಿವು 11 ಲಕ್ಷ ಕ್ಯೂಸೆಕ್ ದಾಟಿತ್ತು. ನೆಲಮಹಡಿಯ ಮನೆಯಲ್ಲಿ ಟೇಬಲ್ ಮೇಲಿನ ಲ್ಯಾಪ್‌ಟಾಪ್‌ಗೂ ಡ್ರಾಯರ್‌ನ ಡಿಸ್ಕಿಗೂ ಅಂಥ ನೀರು ಒಂದೇ.

ಎಲ್ಲವನ್ನೂ ಕ್ಲೌಡ್‌ಗೆ ಹಾಕಿದರಾಯಿತು ಎನ್ನುವವರು ವಿಶಾಖಪಟ್ಟಣದವರನ್ನು ಕೇಳಬೇಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದ ಮೇಲೆ ಅಲ್ಲಿ ದಿನಗಟ್ಟಲೆ ಕರೆಂಟೂ ಇರಲಿಲ್ಲ, ಮೊಬೈಲ್ ನೆಟ್‌ವರ್ಕೂ ಇರಲಿಲ್ಲ. ಕ್ಲೌಡ್‌ನಲ್ಲಿದ್ದ ಫೈಲು ಸುರಕ್ಷಿತವಾಗಿತ್ತು, ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಉಚಿತ ಜಾಗವೂ ಕಡಿಮೆ: ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ. ಮೇಲಾಗಿ ಒನ್‌ಡ್ರೈವ್ ಮಾಡುವುದು ಸಿಂಕ್. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ರೀಸೈಕಲ್ ಬಿನ್‌ನ ಗಡುವಿನೊಳಗೆ ನೆನಪಾದರೆ ಪುಣ್ಯ.

ಹಾಗಾಗಿ ನಾನು ಹಂಚಿ ಇಟ್ಟಿದ್ದೇನೆ. ಪಹಣಿ, ಅಂಕಪಟ್ಟಿ, ಇನ್ಶೂರೆನ್ಸ್ ಕಾಗದಗಳು ಕ್ಲೌಡ್‌ನಲ್ಲಿ. ಅವಕ್ಕೆ 1 ಜಿಬಿಯೂ ಬೇಕಾಗಿಲ್ಲ. ಫೋಟೊ, ವಿಡಿಯೊ ಎರಡು ಡಿಸ್ಕ್‌ಗಳಲ್ಲಿ: ಒಂದು ಇಲ್ಲಿ, ಒಂದು ಹುಬ್ಬಳ್ಳಿಯಲ್ಲಿ ಅವ್ವನ ಟ್ರೆಜರಿಯೊಳಗೆ, ರೇಷ್ಮೆ ಸೀರೆಗಳ ನಡುವೆ. ದಸರೆಗೊಮ್ಮೆ, ಯುಗಾದಿಗೊಮ್ಮೆ ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ಹೋದಾಗ ಡಿಸ್ಕ್ ಅದಲುಬದಲಾಗುತ್ತದೆ. ಡೇಟಾ ಸೆಂಟರ್ ಇಟ್ಟುಕೊಂಡವರ ಲೆಕ್ಕವೂ ಇಷ್ಟೇ, ಅವರ ಬಾಡಿಗೆ ಮಾತ್ರ ಜಾಸ್ತಿ.

ಎರಡೂ ಡಿಸ್ಕ್‌ಗಳಿಗೆ ಪಾಸ್‌ವರ್ಡ್ ಹಾಕಿದೆ. ಅದು ನನ್ನ ತಲೆಯಲ್ಲಷ್ಟೇ ಇರಬಾರದು, ಅದಕ್ಕೆ ಹೆಂಡತಿಯ ಡೈರಿಯಲ್ಲೂ ಬರೆಸಿದ್ದೇನೆ. ಪ್ರತಿ ಸಲ ಅದಲುಬದಲು ಮಾಡುವಾಗ ಹಳೆಯ ಫೈಲೊಂದನ್ನು ತೆರೆದು ನೋಡುತ್ತೇವೆ. ಕಳೆದ ಯುಗಾದಿಗೆ ತೆರೆದದ್ದು ಅಜ್ಜಿಯ ಸೋಬಾನೆ ಪದ. ಅವ್ವ ಅದನ್ನು ಎರಡು ಸಲ ಹಾಕಿಸಿದಳು.