ಗೋಸಂಪತ್ತು ಮತ್ತು ಪದಸಂಪತ್ತು

ಒಂದು ಜನಸಮುದಾಯವು ಯಾವುದನ್ನು ತನ್ನ ಬಾಳಿಗೆ ಆಧಾರವೆಂದು ನಂಬಿರುವುದೋ ಅದಕ್ಕೆ ಆ ಜನರ ನುಡಿಯಲ್ಲಿ ಹೆಸರುಗಳು ಹೇರಳವಾಗಿರುವುವು. ಕಪಿಲಾ ಕಾವೇರಿಗಳ ತೀರದ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಒಕ್ಕಲು ಮಕ್ಕಳು ದನಕರುಗಳನ್ನು ಕುರಿತು ಆಡುವ ಮಾತೇ ಇದಕ್ಕೆ ಸಾಕ್ಷಿ.

ಹಸುವಿಗೆ ಕನ್ನಡದ ಪ್ರಾಚೀನ ಹೆಸರು ‘ಆ’. ತಮಿಳಿನ ‘ಆ’, ತೆಲುಗಿನ ‘ಆವು’ ಇದರ ಒಡಹುಟ್ಟುಗಳು. ‘ಆಕಳು’ ಎಂಬುದೂ ಇದೇ ಬಳಗದ್ದು. ನಮ್ಮ ‘ಎತ್ತು’ ತಮಿಳಿನಲ್ಲಿ ‘ಎರುದು’, ತೆಲುಗಿನಲ್ಲಿ ‘ಎದ್ದು’. ದನದ ಹಿಂಡಿಗೆ ಹಳೆಯ ಮಾತು ‘ತುರು’. ಹಿಂಡನ್ನು ಅಪಹರಿಸುವುದು ‘ತುರುಗೋಳು’. ಅದನ್ನು ತಡೆದು ಮಡಿದವರಿಗಾಗಿ ನೆಟ್ಟ ವೀರಗಲ್ಲುಗಳು ನಾಡಿನ ಅನೇಕ ಊರುಗಳಲ್ಲಿವೆ. ದನಕ್ಕಾಗಿ ಪ್ರಾಣ ಕೊಟ್ಟುದನ್ನು ಕಲ್ಲಿನಲ್ಲಿ ಕೊರೆದಿರಿಸಿದ ಕಾಲದಲ್ಲಿ ದನವೇ ಐಶ್ವರ್ಯವಾಗಿದ್ದಿತು.

‘ದನ’ ಎಂಬ ಪದವೇ ಈ ಮಾತನ್ನು ಸಾರುತ್ತದೆ. ಅದು ಸಂಸ್ಕೃತದ ‘ಧನ’ ಶಬ್ದದ ತದ್ಭವ. ಹಾಗೆಯೇ ‘ಪಶು’ವು ‘ಪಸು’ವಾಗಿ, ಪಕಾರವು ಹಕಾರವಾಗಿ ‘ಹಸು’ವಾಯಿತು, ‘ವೃಷಭ’ವು ‘ಬಸವ’ವಾಯಿತು. ಜಾತ್ರೆಗಳಲ್ಲಿ ಕೇಳಿಬರುವ ‘ರಾಸು’ ಅರಬ್ಬಿ ಮೂಲದ್ದು. ಅಲ್ಲಿ ಅದಕ್ಕೆ ‘ತಲೆ’ ಎಂದು ಅರ್ಥ. ತಲೆ ಎಣಿಸಿ ಲೆಕ್ಕವಿಡುವ ರೂಢಿಯಿಂದ ದನಕ್ಕೆ ಆ ಹೆಸರು ನಿಂತಿತು.

ಆಶ್ಚರ್ಯವೆಂದರೆ, ದೂರದ ಇಂಗ್ಲಿಷಿನಲ್ಲಿಯೂ ಇದೇ ಕಥೆಯಿದೆ. ದನಗಳನ್ನು ಹೇಳುವ ‘ಕ್ಯಾಟಲ್’ ಎಂಬ ಪದಕ್ಕೆ ಮೊದಲು ‘ಸ್ವತ್ತು’ ಎಂಬ ಅರ್ಥವಿದ್ದಿತು. ಬಂಡವಾಳವೆಂಬ ಅರ್ಥದ ‘ಕ್ಯಾಪಿಟಲ್’ ಅದರ ಜ್ಞಾತಿ. ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಕಪುಟ್’, ಎಂದರೆ ತಲೆ! ‘ಕೌ’ ಮತ್ತು ನಮ್ಮ ‘ಗೋ’, ‘ಆಕ್ಸ್’ ಮತ್ತು ಸಂಸ್ಕೃತದ ‘ಉಕ್ಷನ್’ ಒಂದೊಂದು ಜೋಡಿಯೂ ಏಕಮೂಲವಾದುದು. ‘ಪಶು’ ಶಬ್ದದ ಬಂಧುವಾದ ಹಳೆಯ ಇಂಗ್ಲಿಷ್ ಪದವೊಂದಕ್ಕೆ ದನವೆಂದೂ ಹಣವೆಂದೂ ಎರಡು ಅರ್ಥಗಳಿದ್ದುವು. ಶಾಲೆಗೆ ಕಟ್ಟುವ ‘ಫೀ’ ಸಹ ಆ ವಂಶದ್ದೇ ಇರಬೇಕೆಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಕೊಟ್ಟಿಗೆಯ ಹಸುವೂ ಶಾಲೆಯ ಶುಲ್ಕವೂ ಹೀಗೆ ಒಂದೇ ಮನೆತನದವು.

ಮೂಲವನ್ನು ಬಿಟ್ಟು ಬಳಕೆಯನ್ನು ನೋಡಿದರೆ ಕನ್ನಡದ ಸೂಕ್ಷ್ಮತೆ ಇನ್ನೂ ಸ್ಪಷ್ಟವಾಗುತ್ತದೆ. ಕರುವಿನ ಪ್ರಾಯ ದಾಟಿಯೂ ಈಯದಿರುವುದು ಕಡಸು, ಮಣಕ. ಗರ್ಭ ಧರಿಸಿದುದು ಗಬ್ಬದ ಹಸು. ಗರ್ಭ ಕಟ್ಟದುದು ಗೊಡ್ಡು. ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ. ಎಳೆಯ ಗಂಡು ಹೋರಿ, ಬೀಜಕ್ಕೆ ಬಿಟ್ಟುದು ಗೂಳಿ, ನೊಗಕ್ಕೆ ಪಳಗಿದುದು ಎತ್ತು. ವಯಸ್ಸನ್ನು ತಿಳಿಯಲು ಹಲ್ಲೇ ಪಂಚಾಂಗ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೆಳದವಡೆಯ ಎಂಟು ಬಾಚಿಹಲ್ಲುಗಳೂ ಬಂದರೆ ‘ಬಾಯಿಗೂಡಿತು’. ಸುತ್ತೂರಿನ, ಮುಡುಕುತೊರೆಯ ದನಗಳ ಜಾತ್ರೆಗಳಲ್ಲಿ ವ್ಯಾಪಾರ ಕುದುರುವುದು ಈ ಪರಿಭಾಷೆಯಿಂದಲೇ.

ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಆಯಿತು. ಹೆಸರು ಹಾಲು ಬೆಣ್ಣೆಯದಾದರೂ ಆ ತಳಿಯ ಕೀರ್ತಿ ಫಿರಂಗಿಗಳನ್ನೆಳೆದ ಎತ್ತುಗಳದು. ಈ ಪ್ರಾಂತದ ಹೆಮ್ಮೆಯ ಹಳ್ಳಿಕಾರ್ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರ್ಕಾರವು 2000ದಲ್ಲಿ ಹೊರತಂದಿತು.

ಇಂದು ಉಳುಮೆಗೆ ಟ್ರ್ಯಾಕ್ಟರು ಬಂದಿದೆ. ರೈತನ ಬೆನ್ನಿನ ಭಾರ ತಗ್ಗಿರುವುದರಿಂದ ಅದನ್ನು ಹಳಿಯಬೇಕಾದುದಿಲ್ಲ. ಆದರೆ ಎತ್ತು ಕೊಟ್ಟಿಗೆಯಿಂದ ಹೋದರೆ ಅದರೊಡನೆ ಮಾತೂ ಮನೆಯಿಂದ ಹೊರಡುತ್ತದೆ. ಮಣಕವನ್ನು ಕಾಣದ ಬಾಲಕನಿಗೆ ನಿಘಂಟು ಅರ್ಥವನ್ನು ಕೊಟ್ಟೀತು, ಪರಿಚಯವನ್ನು ಕೊಡಲಾರದು. ಅಧ್ಯಾಪಕರು ಮಕ್ಕಳನ್ನು ಜಾತ್ರೆಯ ದನದ ಸಾಲಿಗೆ ಕರೆದೊಯ್ದು, ಹಿರಿಯ ರೈತರ ಬಾಯಿಂದ ಹತ್ತು ಪದಗಳನ್ನು ಬರೆದುಕೊಳ್ಳುವಂತೆ ಮಾಡಿದರೆ ಸಾಕು, ಅದೇ ಒಂದು ವ್ಯಾಕರಣಪಾಠ. ತುರುವನ್ನು ಕಾದವರಿಗೆ ಹಿರಿಯರು ಕಲ್ಲು ನೆಟ್ಟರು. ‘ತುರು’ ಎಂಬ ಪದವನ್ನು ಕಾಯುವ ಹೊಣೆ ಪಾಠಶಾಲೆಗಳದು.